ಕೊಸರು

ಲೈಸೆನ್ಸಿನಲ್ಲಿ ಅದರ ಹೆಸರು ವಿಜಯಾ.
ಅಬಕಾರಿಯವರ ಪುಸ್ತಕದಲ್ಲಿ ಭಂಗಿ, ಪೊಲೀಸರಿಗೆ ಗಾಂಜಾ.
ಕೂರ್ಗಳ್ಳಿ ಗೇಟಿನಾಚೆಯ ಹುಡುಗರ ಬಾಯಲ್ಲಿ ಬರೀ ಸೊಪ್ಪು.
ಹಾಗಂದರೆ ನಮ್ಮವ್ವನೂ ಸೊಪ್ಪೇ ಮಾರುತ್ತಾಳೆ,
ದೇವರಾಜ ಮಾರ್ಕೆಟ್ಟಿನ ಹಿಂಬದಿ, ಮೂವತ್ತೊಂದು ವರ್ಷದಿಂದ:
ದಂಟು, ಕೀರೆ, ಸಬ್ಬಸಿಗೆ,
ನಾಲ್ಕು ಹನಿ ಬಿದ್ದರೆ ಅಣ್ಣೆಸೊಪ್ಪು.

ಅವಳು ಗಳಿಗೆಗೊಮ್ಮೆ ನೀರು ಚಿಮುಕಿಸಿ
ಬಾಡುವುದನ್ನು ಸಂಜೆಗೆ ಮುಂದೂಡುತ್ತಾಳೆ.
ನಾನು ಒಣಗಿದ್ದನ್ನೇ ಇನ್ನೂ ಒಣಗಿಸುತ್ತೇನೆ.

ಬೆಳಿಗ್ಗೆ ಆರಕ್ಕೆ ಮರಿಮಾದಯ್ಯನವರು
ಅರಗಿನ ಮುದ್ರೆ ಒಡೆದು, ಚೀಲ ತೂಗಿ,
ಕನ್ನಡಕ ಹಣೆಗೇರಿಸಿ
"ಬರಕೊಳ್ಳಮ್ಮ" ಅನ್ನುತ್ತಾರೆ.
ಬರಕೊಳ್ಳುತ್ತೇನೆ.
ಮೈನಸ್ ನಲವತ್ತರ ಸ್ಪಿರಿಟ್ಟಿನಲ್ಲಿ ಎಲೆ ಮುಳುಗುತ್ತದೆ.
ಹಸಿರನ್ನು ಒಳಗೇ ಹಿಡಿದುಕೊಂಡು
ಅಂಟನ್ನಷ್ಟೇ ಬಿಟ್ಟುಕೊಡಬೇಕು,
ಅದಕ್ಕೆ ಅಷ್ಟು ಚಳಿ.

ಆಮೇಲೆ ಸಮೀವುಲ್ಲಾನ ಗಾಜಿನ ಬುರುಡೆ
ಬಿಸಿನೀರಲ್ಲಿ ಗಿರಗಿರ ಸುತ್ತುತ್ತದೆ.
ಸ್ಪಿರಿಟ್ಟು ಆವಿಯಾಗಿ ಮೇಲೇರಿ, ಸುರುಳಿಯಲ್ಲಿ ತಣ್ಣಗಾಗಿ
ನಾಳೆಯ ಕೆಲಸಕ್ಕೆ ತೊಟ್ಟಿಕ್ಕುತ್ತದೆ.
ತಳದಲ್ಲಿ ಉಳಿದದ್ದು ಕಂದು, ಮಂದ.
ಪಾಂಡವಪುರದವನು ಅವನು,
"ನಮ್ಮ ಆಲೆಮನೆ ಪಾಕಕ್ಕೂ ಇದೇ ಹದ" ಅನ್ನುತ್ತಾನೆ.
ಅಲ್ಲಿ ಬೆರಳದ್ದಿ ನೆಕ್ಕಬಹುದಿತ್ತು.
ಇಲ್ಲಿ ಬೆರಳಿಗೆ ಎರಡು ಪದರ ಗ್ಲೌಸು.

ಸೋಪು, ನಿಂಬೆ, ಕಡಲೆಹಿಟ್ಟು, ಯಾವುದಕ್ಕೂ ವಾಸನೆ ಜಗ್ಗದು.
ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಬಗ್ಗಿ
ತುಂಬಾ ಮರ್ಯಾದೆಯಿಂದ ಕೇಳಿದ:
"ಅಕ್ಕಾ, ಎಲ್ಲಿ ಸಿಗುತ್ತೆ?"
ಪಿ.ಎಫ್. ಇದೆ, ಇ.ಎಸ್.ಐ. ಇದೆ, ಅರ್ಜಿ ಹಾಕು ಅಂದೆ.

ಕಂತೆ ಕೊಟ್ಟಮೇಲೂ ಅವ್ವನ ಕೈ ಸುಮ್ಮನಿರದು,
ಒಂದೆರಡು ಎಳೆ ಕೊತ್ತಂಬರಿ ಚೀಲಕ್ಕೆ ತುರುಕುತ್ತದೆ.
ಕೊಸರಿಲ್ಲದ್ದು ವ್ಯಾಪಾರವೇ ಅಲ್ಲ ಅವಳಿಗೆ.
ನನ್ನ ತಕ್ಕಡಿ ಉಸಿರು ತಾಕಿದರೂ ಅಂಕಿ ಬದಲಿಸುತ್ತದೆ.
ಒಮ್ಮೆ ಮೂರು ಗ್ರಾಂ ಕಮ್ಮಿ ಬಂದು
ರಾತ್ರಿ ಹತ್ತಾದರೂ ಯಾರನ್ನೂ ಮನೆಗೆ ಬಿಡಲಿಲ್ಲ.
ಸಿಕ್ಕಿತು ಕೊನೆಗೆ, ಸೋಸುವ ಬಟ್ಟೆಯ ಮಡಿಕೆಯಲ್ಲಿ.
ಮರಿಮಾದಯ್ಯನವರೇ ಎಲ್ಲರಿಗೂ ಟೀ ತರಿಸಿದರು.

ಅವ್ವನ ಎದುರಿಗೆ ಕೂತು ವೀಳ್ಯದೆಲೆ ಮಾರುವ ಕೆಂಪಾಜಮ್ಮನಿಗೆ
ದವಡೆಯಲ್ಲಿ ಗಂಟು.
ಕವಳಿಗೆ ಎಣಿಸುತ್ತ ಎಣಿಸುತ್ತ ನಡುವೆ ಕಣ್ಣು ಮುಚ್ಚುತ್ತಾಳೆ,
ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ.
ಅವ್ವ ರಾತ್ರಿ ಮುದ್ದೆ ಮುರಿಯುತ್ತ
ನನ್ನ ಮುಖ ನೋಡದೆ ಕೇಳಿದಳು:
"ಅಷ್ಟೊಂದು ಕಾಯ್ಸಿ ಇಳಿಸ್ತೀರಲ್ಲ,
ಒಂದು ತೊಟ್ಟು ಕೊಸರು ಉಳಿಯಾಕಿಲ್ವಾ?"

ಮಾರನೆಯ ದಿನ
ಬುರುಡೆಯ ಕತ್ತಿಗಂಟಿದ ಅಷ್ಟನ್ನು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.
ತೊಳೆದೆ.
ತೊಳೆದ ಸ್ಪಿರಿಟ್ಟನ್ನೂ ತೂಗಿದೆ.
ಬರಕೊಂಡೆ.

ಶನಿವಾರ ರಜೆ ಹಾಕಿ ಕೆಂಪಾಜಮ್ಮನನ್ನು
ಆಯುರ್ವೇದ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿದೆ.
ಚೀಟಿ ಬರೆದರು, ಸೀಸೆ ಸಿಕ್ಕಿತು, ನಮ್ಮದೇ ಕಂಪನಿಯದು.
ಬ್ಯಾಚ್ ನಂಬರು ನೋಡಿದೆ: ಮಾರ್ಚಿನದು,
ಆ ವಾರ ನನಗೆ ನೆಗಡಿಯಿತ್ತು.
ದುಡ್ಡು ಅವ್ವ ಕೊಟ್ಟಳು, ಹತ್ತರ ನೋಟುಗಳು,
ಎಲ್ಲವೂ ಒದ್ದೆ.
ಔಷಧಿ ಅಂಗಡಿಯವನು ಒಂದೊಂದನ್ನೇ ಬಿಡಿಸಿ ಎಣಿಸಿದ.

ಎರಡು ವಾರ ಬಿಟ್ಟು ಮಾರ್ಕೆಟ್ಟಿನಲ್ಲಿ ಕೇಳಿದೆ,
ನೋವು ಹೋಯಿತಾ ಅಂತ.
ಕೆಂಪಾಜಮ್ಮ ಎಲೆಯ ತೊಟ್ಟು ಚಿವುಟುತ್ತ
"ಎಲ್ಲೋದದವ್ವ," ಅಂದಳು.
"ಒಸಿ ಆ ಕಡೀಕೆ ಸರ್ಕಂಡು
ನಂಗೂ ಕೂರಾಕೆ ಜಾಗ ಬುಟ್ಟದೆ."

ಸಂಜೆಯ ಬಸ್ಸು ತುಂಬಿತ್ತು.
ಕಿಟಕಿ ಪಕ್ಕದ ಹೆಂಗಸು ಸೆರಗು ಮೂಗಿಗೊತ್ತಿ
ಆದಷ್ಟು ದೂರ ಸರಿದಳು.
ಕೂತೆ.